ಕಿವಿಯ ಔಷಧದ ಟ್ರಯಲ್‌ಗೆ ಕರೆದಿದ್ದಾರೆ. ಪ್ಲಾಸಿಬೊ ಸಿಕ್ಕಿದರೆ?

ಮಂದ್ರ
ನನಗೆ ಎರಡೂ ಕಿವಿಯಲ್ಲಿ ನರದ ಕಿವುಡು. ರಿಪೋರ್ಟ್‌ನಲ್ಲಿ ಮಧ್ಯಮ ಪ್ರಮಾಣ ಅಂತ ಬರೆದಿದ್ದಾರೆ. ಹಿಯರಿಂಗ್ ಏಡ್ ಹಾಕಿಕೊಂಡು ಎದುರಿಗೆ ಕೂತು ಮಾತಾಡಿದರೆ ತೊಂದರೆ ಇಲ್ಲ. ನಾಲ್ಕು ಜನ ಸೇರಿದರೆ ಸದ್ದು ಕಿವಿಗೆ ಬೀಳುತ್ತೆ, ಮಾತು ಮಾತ್ರ ತಿಳಿಯಲ್ಲ. ಈಗ ತೋರಿಸುತ್ತಿರುವ ಆಸ್ಪತ್ರೆಯಲ್ಲಿ ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರ್ತೀರಾ ಅಂತ ಕೇಳಿದ್ದಾರೆ. ಕಿವಿತಮಟೆಯ ಮೂಲಕ ಸೂಜಿ ಹಾಕಿ ಮಧ್ಯಕಿವಿಗೆ ಔಷಧ ಬಿಡ್ತಾರಂತೆ. ಅರ್ಧ ಜನಕ್ಕೆ ಔಷಧ, ಉಳಿದರ್ಧಕ್ಕೆ ಔಷಧವಿಲ್ಲದ ಬರೀ ದ್ರಾವಣ, ಅದನ್ನೇ ಪ್ಲಾಸಿಬೊ ಅಂತಾರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲವಂತೆ.

ನನ್ನ ತಕರಾರು ಇಷ್ಟೇ. ಔಷಧದ ಮೇಲೆ ಅವರಿಗೆ ನಂಬಿಕೆ ಇದ್ದರೆ ಎಲ್ಲರಿಗೂ ಕೊಡಲಿ. ಕಿವಿಗೆ ಚುಚ್ಚಿಸಿಕೊಂಡು ಉಪ್ಪುನೀರು ಹಾಕಿಸಿಕೊಂಡು ಬರೋದಕ್ಕೆ ನಾನ್ಯಾಕೆ ಹೋಗಬೇಕು?

ಎದುರುವಾದಿ
ಅವರಿಗೆ ಪ್ರಯೋಗಕ್ಕೆ ಇಲಿ ಬೇಕು, ನಿಮಗೆ ಕಿವಿ ಬೇಕು. ಯೋಚನೆ ಮಾಡಿ ಸಹಿ ಹಾಕಿ.

ಬೂತಿನ ಹೊರಗಿಂದ
ಎದುರುವಾದಿ ಅವರೇ, ಮಾತು ಚೆನ್ನಾಗಿದೆ, ಆದರೆ ಅವರು ಕೇಳಿದ್ದಕ್ಕೆ ಉತ್ತರ ಅಲ್ಲ.

ಮಂದ್ರ ಅವರೇ, ನಾನು ಆಡಿಯಾಲಜಿಸ್ಟ್. ಔಷಧ ಕೆಲಸ ಮಾಡುತ್ತಾ ಅನ್ನೋದು ಅವರಿಗೆ ಗೊತ್ತಿಲ್ಲ, ಅದಕ್ಕೇ ಟ್ರಯಲ್ ಮಾಡ್ತಿರೋದು. ಕಿವಿಯ ವಿಷಯದಲ್ಲಂತೂ ಹೋಲಿಸೋಕೆ ಇನ್ನೊಂದು ಗುಂಪು ಇಲ್ಲದಿದ್ದರೆ ಏನೂ ಹೇಳೋಕಾಗಲ್ಲ. ಕಾರಣ ನಮ್ಮ ಅಳತೆಯಲ್ಲೇ ಇದೆ. ರಕ್ತದ ಸಕ್ಕರೆ ಅಳೆಯೋವಾಗ ನೀವು ಬಾಯಿ ಬಿಡಬೇಕಾಗಿಲ್ಲ, ಯಂತ್ರ ಹೇಳುತ್ತೆ. ಆಡಿಯೋಗ್ರಾಮ್‌ನಲ್ಲಿ ಹೇಳೋರು ನೀವೇ. ಬೂತಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡ್ತೀವಿ. ನೀವು ಒತ್ತಿದರೆ ಸದ್ದನ್ನ 10 ಡೆಸಿಬಲ್ ಇಳಿಸ್ತೀವಿ, ಒತ್ತದಿದ್ದರೆ 5 ಏರಿಸ್ತೀವಿ. ಹಾಗೆ ಏರಿಸಿ ಇಳಿಸಿ, ಅರ್ಧಕ್ಕರ್ಧ ಸಲವಾದರೂ ನೀವು ಒತ್ತುವ ಅತಿ ಸಣ್ಣ ಸದ್ದು ಯಾವುದೋ ಅದನ್ನ ಗುರುತು ಹಾಕ್ತೀವಿ. ಆ ಅಂಚಿನಲ್ಲಿ ಕೇಳಿಸ್ತೋ ಇಲ್ಲವೋ ಅನ್ನೋದು ಕೂತವರಿಗೇ ಸ್ಪಷ್ಟ ಇರಲ್ಲ. ಕೆಲವರು ಅನುಮಾನ ಬಂದ ಕೂಡಲೇ ಒತ್ತುತ್ತಾರೆ. ಕೆಲವರು ಖಾತ್ರಿ ಆಗೋವರೆಗೂ ಬೆರಳು ಅಲ್ಲಾಡಿಸಲ್ಲ. ಕಿವಿ ಇದ್ದ ಹಾಗೇ ಇದ್ದು ಬೇರೆ ದಿನ 5 ಡೆಸಿಬಲ್ ಅತ್ತಿತ್ತ ಬರೋದು ನಮಗೆ ಮಾಮೂಲು.

ಇದರ ಜೊತೆಗೆ ಆಸೆ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಎಫ್‌ಎಕ್ಸ್-322 ಕಥೆ ಕೇಳಿ. ಅಮೆರಿಕದ ಫ್ರೀಕ್ವೆನ್ಸಿ ಥೆರಪ್ಯುಟಿಕ್ಸ್ ಅನ್ನೋ ಕಂಪನಿಯ ಔಷಧ. ಒಳಕಿವಿಯಲ್ಲಿ ಸತ್ತುಹೋದ ಸದ್ದು ಹಿಡಿಯೋ ಕೋಶಗಳನ್ನ, ಅಂದರೆ ಹೇರ್ ಸೆಲ್‌ಗಳನ್ನ ಮತ್ತೆ ಹುಟ್ಟಿಸೋ ಉದ್ದೇಶ. ಮೊದಲ ಹಂತದಲ್ಲಿ ಇದ್ದಿದ್ದು 23 ಜನ. ಔಷಧ ಪಡೆದ ಕೆಲವರಲ್ಲಿ ಪದ ಗುರುತಿಸುವ ಅಂಕ ಏರಿತು. ಪತ್ರಿಕೆಗಳು ಕಿವುಡಿಗೆ ಮದ್ದು ಸಿಕ್ಕೇಬಿಟ್ಟಿತು ಅನ್ನೋ ಹಾಗೆ ಬರೆದವು. 2021ರಲ್ಲಿ ಮುಂದಿನ ಹಂತದ ಫಲಿತಾಂಶ ಬಂದಾಗ ಪ್ಲಾಸಿಬೊಗಿಂತ ಏನೂ ಹೆಚ್ಚಿರಲಿಲ್ಲ. ವಿಚಿತ್ರ ಅಂದರೆ ಪ್ಲಾಸಿಬೊ ಸಿಕ್ಕವರ ಅಂಕವೂ ಏರಿತ್ತು! ಹಳೆಯ ದಾಖಲೆ ತೆಗೆದು ನೋಡಿದರೆ, ಟ್ರಯಲ್‌ಗೆ ಆಯ್ಕೆಯಾಗೋ ದಿನದ ಪರೀಕ್ಷೆಯಲ್ಲಿ ಕೆಲವರ ಕಿವಿ ಇದ್ದಕ್ಕಿದ್ದಂತೆ ಕೆಟ್ಟಿತ್ತು. ಅಷ್ಟು ಕಿವುಡು ಅವರಿಗೆ ಹಿಂದೆ ಯಾವತ್ತೂ ದಾಖಲಾಗಿರಲಿಲ್ಲ. ಸೇರಿಸಿಕೊಳ್ಳಲಿ ಅಂತ ಕಡಿಮೆ ಒತ್ತಿದ್ದಾರೆ, ಸೇರಿದ ಮೇಲೆ ಸರಿಯಾಗಿ ಒತ್ತಿದ್ದಾರೆ, ಇದು ಕಂಪನಿಯವರೇ ಹೊರಹಾಕಿದ ಅನುಮಾನ. ಮುಂದಿನ ಟ್ರಯಲ್‌ನಲ್ಲಿ ಇದಕ್ಕೆ ಅವಕಾಶ ಇಲ್ಲದಂತೆ ಬಿಗಿ ಮಾಡಿದರು. 2023ರ ಫೆಬ್ರವರಿಯಲ್ಲಿ ಅದೂ ಸೋತು ಔಷಧವನ್ನೇ ಕೈಬಿಟ್ಟರು.

ಆ ಜನರನ್ನ ಸುಳ್ಳುಗಾರರು ಅನ್ನೋಕೆ ನನಗೆ ಮನಸ್ಸಿಲ್ಲ. ಕಿವಿ ವಾಪಸ್ ಬರುತ್ತೆ ಅಂದರೆ ಯಾರ ಬೆರಳು ತಾನೇ ಹಿಂದೆ ಸರಿಯಲ್ಲ?

ಲೆಕ್ಕದಯ್ಯ
ಮೇಡಂ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೀನಿ (ನನ್ನ ಕೆಲಸವೇ ಸಂಖ್ಯಾಶಾಸ್ತ್ರ, ಕಿವಿಯ ಬಗ್ಗೆ ಗೊತ್ತಿರೋದು ಅಷ್ಟಕ್ಕಷ್ಟೇ).

ಪದ ಗುರುತಿಸುವ ಪರೀಕ್ಷೆಯಲ್ಲಿ 50 ಪದ ಕೇಳಿಸ್ತಾರೆ, ನೀವು 25 ಸರಿ ಹೇಳಿದಿರಿ ಅಂದುಕೊಳ್ಳಿ. ಕಿವಿ ಎಳ್ಳಷ್ಟೂ ಬದಲಾಗದೆ ಮುಂದಿನ ಸಲ 30 ಬರಬಹುದು, 21ಕ್ಕೂ ಇಳಿಯಬಹುದು. ಎರಡು ಪರೀಕ್ಷೆಗಳ ನಡುವೆ ಸುಮಾರು 10 ಪದದಷ್ಟು ಅಂತರ ಬಂದರೆ ಮಾತ್ರ ಇದು ಆಕಸ್ಮಿಕ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಸಮಯ ಉಳಿಸೋಕೆ 25 ಪದದ ಪಟ್ಟಿ ಬಳಸಿದರೆ ಇನ್ನೂ ಕಷ್ಟ, ಅಲ್ಲಿ 7 ಪದ, ಅಂದರೆ ಶೇ. 28ರಷ್ಟು ಏರಬೇಕು. "ಶೇ. 12 ಸುಧಾರಣೆ" ಅನ್ನೋ ಜಾಹೀರಾತು ನೋಡಿದಾಗ ನಾನು ಮೊದಲು ಹುಡುಕೋದು ಪಟ್ಟಿಯಲ್ಲಿ ಎಷ್ಟು ಪದ ಇತ್ತು ಅಂತ.

ತಿರುಗುಬುಗುರಿ
ನನ್ನದು ಮೆನಿಯೇರ್ ಕಾಯಿಲೆ. ತಲೆಸುತ್ತು, ವಾಂತಿ, ಕಿವಿಯಲ್ಲಿ ಭೋರ್ಗರೆತ, ಬಿಟ್ಟುಬಿಟ್ಟು ಬರುತ್ತೆ. ಬೂತಿನ ಮೇಡಂ ಅಳತೆಯ ಬಗ್ಗೆ ಹೇಳಿದರು, ನಮ್ಮ ಕಾಯಿಲೆಯಲ್ಲಿ ಅದಕ್ಕಿಂತ ದೊಡ್ಡ ಮೋಸಗಾರ ಇದ್ದಾನೆ: ಕಾಲ. ನಾವು ಡಾಕ್ಟರ್ ಬಾಗಿಲು ಬಡಿಯೋದೇ ಅತಿ ಕೆಟ್ಟ ತಿಂಗಳಲ್ಲಿ. ಆಮೇಲೆ ಏನು ಕೊಟ್ಟರೂ, ಕೊಡದಿದ್ದರೂ, ಹೆಚ್ಚಿನವರಿಗೆ ಕಡಿಮೆಯಾಗುತ್ತೆ. ಶ್ರೇಯಸ್ಸೆಲ್ಲ ಆ ಹೊತ್ತಿಗೆ ನುಂಗುತ್ತಿದ್ದ ಮಾತ್ರೆಗೆ.

ಬೀಟಾಹಿಸ್ಟಿನ್ ಅನ್ನೋ ಮಾತ್ರೆ ಈ ಕಾಯಿಲೆಯವರಲ್ಲಿ ಮನೆಮಾತು. ಜರ್ಮನಿಯಲ್ಲಿ 221 ರೋಗಿಗಳನ್ನ ಮೂರು ಗುಂಪು ಮಾಡಿದರು: ಕಡಿಮೆ ಡೋಸ್, ಹೆಚ್ಚು ಡೋಸ್, ಪ್ಲಾಸಿಬೊ. ಒಂಬತ್ತು ತಿಂಗಳು ಕೊಟ್ಟರು. 2016ರಲ್ಲಿ ಫಲಿತಾಂಶ ಬಂತು. ಮೂರೂ ಗುಂಪಿನಲ್ಲಿ ತಲೆಸುತ್ತು ಇಳಿದಿತ್ತು, ಮೂರರಲ್ಲೂ ಒಂದೇ ಥರ. ಪ್ಲಾಸಿಬೊ ಗುಂಪೇ ಇಲ್ಲದಿದ್ದರೆ ಎಷ್ಟು ಭರ್ಜರಿ ಫಲಿತಾಂಶ ಅಲ್ವಾ ಅದು!

ಇನ್ನೂ ಹಿಂದಿನದು ಹೇಳ್ತೀನಿ. 1981ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಪ್ರಯೋಗದಲ್ಲಿ 30 ಮೆನಿಯೇರ್ ರೋಗಿಗಳಿದ್ದರು. ಅರ್ಧ ಜನಕ್ಕೆ ಒಳಕಿವಿಯ ದ್ರವ ಬಸಿಯುವ ಶಂಟ್ ಹಾಕಿದರು. ಉಳಿದವರಿಗೆ ಕಿವಿಯ ಹಿಂದಿನ ಮೂಳೆ ಕೊರೆದು ಹಾಗೇ ಹೊಲಿದರು. ಎರಡೂ ಕಡೆ ಬಹುತೇಕರು ಸುಧಾರಿಸಿದರು. ಆ ಅಂಕಿಗಳನ್ನ ಮುಂದೆ ಬೇರೆಯವರು ಮತ್ತೆ ಲೆಕ್ಕ ಹಾಕಿ ತಕರಾರು ತೆಗೆದಿದ್ದಾರೆ, ಜಗಳ ಮುಗಿದಿಲ್ಲ. ಆದರೆ ಸುಳ್ಳು ಆಪರೇಷನ್‌ನಿಂದ ಅಷ್ಟು ಜನ ಎದ್ದು ಓಡಾಡಿದರು ಅನ್ನೋದು ನನ್ನ ತಲೆಯಿಂದ ಹೋಗಲ್ಲ.

ಬೀಟಾಹಿಸ್ಟಿನ್ ನಾನೂ ತಗೋತೀನಿ, ಹೇಳಿಬಿಡ್ತೀನಿ. ನಿಲ್ಲಿಸೋಕೆ ಭಯ.

ಇಎನ್‌ಟಿ ಪೀಜಿ
ತಿರುಗುಬುಗುರಿ ಅವರು ನಮ್ಮ ವೈವಾಗೆ ಬಂದು ಕೂತರೆ ಪಾಸು. 😀 ಒಂದು ಮಾತು ಸೇರಿಸಲಾ? ಅದೇ 2016ರಲ್ಲಿ, ಮಾತ್ರೆಗೆ ಬಗ್ಗದ ಮೆನಿಯೇರ್ ಇದ್ದ 60 ಜನರಲ್ಲಿ ಜೆಂಟಾಮೈಸಿನ್ ಮತ್ತು ಸ್ಟೀರಾಯ್ಡ್ ಇಂಜೆಕ್ಷನ್ ಹೋಲಿಸಿದ್ದು ಪ್ರಕಟವಾಯಿತು. ಜೆಂಟಾಮೈಸಿನ್ ಸಮತೋಲನದ ಕೋಶಗಳನ್ನೇ ಸಾಯಿಸುತ್ತೆ, ಕೇಳುವ ಕೋಶಗಳಿಗೂ ಏಟು ಬೀಳಬಹುದು. ಸ್ಟೀರಾಯ್ಡ್‌ಗೆ ಆ ಕಾಟ ಇಲ್ಲ. ತಲೆಸುತ್ತು ಇಳಿದದ್ದು ಶೇ. 87 ಮತ್ತು ಶೇ. 90, ಅಂದರೆ ಸಮಸಮ. ಹಾಗಾಗಿ ಮೊದಲು ಸ್ಟೀರಾಯ್ಡ್ ನೋಡೋಣ ಅಂತ ವಾರ್ಡಿನಲ್ಲಿ ವಾದ ಮಾಡೋಕೆ ನಮಗೆ ಒಂದು ಆಧಾರ ಸಿಕ್ಕಿತು. ಆದರೆ ಅಲ್ಲಿ ಮೂರನೇ ಗುಂಪು ಇರಲಿಲ್ಲ. ಎರಡೂ ಒಳ್ಳೆಯವೋ, ಎರಡರ ಜೊತೆಗೂ ಕಾಲವೇ ಕೆಲಸ ಮಾಡಿತೋ, ಆ ಪ್ರಯೋಗವೊಂದರಿಂದ ಗೊತ್ತಾಗಲ್ಲ.

ಹೊಸಬ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಈ ಬೆಳಿಗ್ಗೆ ಎದ್ದಾಗಿನಿಂದ ಎಡಗಿವಿ ಕಟ್ಟಿಕೊಂಡ ಹಾಗಿದೆ, ಫೋನ್ ಇಟ್ಟರೆ ಏನೂ ಕೇಳಲ್ಲ. ನೆಗಡಿ ಇಲ್ಲ. ಗುಗ್ಗೆ ಇರಬಹುದು ಅಂತ ಎಣ್ಣೆ ಬಿಡೋಣ ಅಂತಿದ್ದೆ.

ಇಎನ್‌ಟಿ ಪೀಜಿ
ಎಣ್ಣೆ ಬಿಡಬೇಡಿ. ಬಾಯಿ ಮುಚ್ಚಿಕೊಂಡು "ಹ್ಮ್‌ಮ್" ಅಂತ ಗುನುಗಿ. ದನಿ ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತೆ? ಕಟ್ಟಿದ ಕಿವಿಯಲ್ಲೇ ಆದರೆ ಗುಗ್ಗೆಯೋ ನೀರೋ ಇರಬಹುದು. ಚೆನ್ನಾಗಿರೋ ಕಿವಿಯ ಕಡೆ ಹೋದರೆ ನರದ್ದು ಅಂತ ಅನುಮಾನ. ಯಾವುದೇ ಆದರೂ ಇವತ್ತೇ ಇಎನ್‌ಟಿಗೆ ತೋರಿಸಿ ಆಡಿಯೋಗ್ರಾಮ್ ಮಾಡಿಸಿ. ಇಲ್ಲಿ ಬರೆಯೋದು ಆಮೇಲೆ.

ಹೊಸಬ
ಬಲಗಿವಿಯಲ್ಲಿ ಜೋರಾಗಿ ಕೇಳ್ತಿದೆ. ಹೊರಟೆ.

ಎದುರುವಾದಿ
ಪಾಪ. ಈ ದಿಢೀರ್ ಕಿವುಡಿಗೆ ಸ್ಟೀರಾಯ್ಡ್ ಕೊಡ್ತಾರಲ್ಲ, ಅದನ್ನಾದರೂ ಪ್ಲಾಸಿಬೊ ಇಟ್ಟು ನೋಡಿದ್ದಾರಾ? ನೋಡಿಲ್ಲ ಅಂದರೆ ನೀವು ಹೇಳಿದ ನ್ಯಾಯ ನಿಮ್ಮವರಿಗೇ ಅನ್ವಯಿಸಲ್ಲ.

ಇಎನ್‌ಟಿ ಪೀಜಿ
ಒಳ್ಳೆ ಪ್ರಶ್ನೆ, ನಮ್ಮ ಜರ್ನಲ್ ಕ್ಲಬ್‌ನಲ್ಲಿ ಜಗಳ ಆಗೋದೇ ಇದರ ಮೇಲೆ. ಮೂರು ದಿನದೊಳಗೆ, ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಯಲ್ಲಿ 30 ಡೆಸಿಬಲ್ ಕುಸಿದರೆ ಅದನ್ನ ದಿಢೀರ್ ನರಕಿವುಡು ಅಂತೀವಿ. 1980ರ ಒಂದು ಪ್ರಯೋಗದಲ್ಲಿ ಸ್ಟೀರಾಯ್ಡ್ ಪಡೆದ 33 ಜನರಲ್ಲಿ ಶೇ. 61ರಷ್ಟು ಚೇತರಿಸಿಕೊಂಡರು, ಪ್ಲಾಸಿಬೊ ಪಡೆದ 34ರಲ್ಲಿ ಶೇ. 32. ಜಗತ್ತೆಲ್ಲ ದಶಕಗಟ್ಟಲೆ ನಂಬಿಕೊಂಡು ಬಂದದ್ದು ಹೆಚ್ಚಾಗಿ ಇದನ್ನೇ. 2012ರಲ್ಲಿ ಸ್ವೀಡನ್ನಿನವರು 103 ಜನರ ಮೇಲೆ ಮತ್ತೆ ಮಾಡಿದರು. ವ್ಯತ್ಯಾಸ ಕಾಣಲಿಲ್ಲ.

ಮತ್ತೆ ಯಾಕೆ ಕೊಡ್ತೀರಿ ಅಂತೀರಾ? ಬೇರೆ ದಾರಿ ಹೆಚ್ಚಿಲ್ಲ, ಕೆಲವೇ ದಿನದ ಕೋರ್ಸ್, ಕಳೆದುಕೊಳ್ಳೋದು ಕಿವಿ. ಅಮೆರಿಕದ ಇಎನ್‌ಟಿ ವೈದ್ಯರ 2019ರ ಮಾರ್ಗಸೂಚಿಯೂ ಎರಡು ವಾರದೊಳಗೆ "ಕೊಡಬಹುದು" ಅಂತ ಹೇಳುತ್ತೆ, "ಕೊಡಲೇಬೇಕು" ಅನ್ನಲ್ಲ. ವೈರಸ್ ನಿರೋಧಕ, ರಕ್ತದ ಹೆಪ್ಪು ಕರಗಿಸೋ ಮದ್ದುಗಳನ್ನ ವಾಡಿಕೆಯಾಗಿ ಕೊಡಬೇಡಿ ಅಂತ ಮಾತ್ರ ಖಡಾಖಂಡಿತ. ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅನ್ನೋ ಆಸೆಗೂ 2023ರಲ್ಲಿ ತಣ್ಣೀರು ಬಿತ್ತು. ಜರ್ಮನಿಯಲ್ಲಿ 325 ರೋಗಿಗಳಲ್ಲಿ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್‌ನ ಮಾಮೂಲಿ 60 ಮಿಲಿಗ್ರಾಂ ಜೊತೆ ಭಾರಿ ಡೋಸ್ ಹೋಲಿಸಿದರು. ಕಿವಿಗೆ ಹೆಚ್ಚಿನ ಲಾಭ ಇಲ್ಲ, ಅಡ್ಡಪರಿಣಾಮ ಹೆಚ್ಚು.

ಕೀಂಯ್
ಇಷ್ಟೆಲ್ಲ ಟ್ರಯಲ್ ಗಿಯಲ್ ಯಾಕೆ. ನನಗೆ ಕಿವಿಯಲ್ಲಿ ಕೀಂಯ್ ಅನ್ನೋ ಸದ್ದು ಇತ್ತು. ಗಿಂಕ್ಗೊ ಅನ್ನೋ ಗಿಡಮೂಲಿಕೆ ಮಾತ್ರೆ ತಗೊಂಡೆ, ಅರ್ಧ ಇಳಿಯಿತು. ಅನುಭವಕ್ಕಿಂತ ದೊಡ್ಡ ಪ್ರಮಾಣ ಬೇಕಾ?

ಲೆಕ್ಕದಯ್ಯ
ಇಳಿದದ್ದು ಸಂತೋಷ. ಆದರೆ 2001ರಲ್ಲಿ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ 12 ವಾರ ಗಿಂಕ್ಗೊ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರು. ಎರಡೂ ಒಂದೇ. ಹುಸಿಮಾತ್ರೆ ತಿಂದು ಇಳಿದವರೂ ನಿಮ್ಮ ಹಾಗೇ ಎಲ್ಲೋ ಬರೆದಿರ್ತಾರೆ.

ಕೀಂಯ್
ಇರಲಿ. ನನಗೆ ಇಳಿದಿದೆ.

ಬೂತಿನ ಹೊರಗಿಂದ
ಕೀಂಯ್ ಅವರೇ, ಇಳಿದಿಲ್ಲ ಅಂತ ಯಾರೂ ಅನ್ನಲ್ಲ. ಯಾವುದರಿಂದ ಅನ್ನೋದಷ್ಟೇ ಪ್ರಶ್ನೆ. ಕಿವಿಯ ಗುಂಯ್‌ಗಾಟಕ್ಕೆ ಹೆಚ್ಚು ಆಧಾರ ಇರೋದು ಅರಿವಿನ ವರ್ತನಾ ಚಿಕಿತ್ಸೆಗೆ, ಸಿಬಿಟಿ ಅಂತಾರಲ್ಲ, ಅದಕ್ಕೆ. ಅದು ಸದ್ದನ್ನ ಕಡಿಮೆ ಮಾಡಲ್ಲ. ಸದ್ದು ನಿಮ್ಮ ನಿದ್ದೆ, ನೆಮ್ಮದಿ ಕೆಡಿಸೋದನ್ನ ಕಡಿಮೆ ಮಾಡುತ್ತೆ.

ಪುಟ್ಟಿಯ ಅಮ್ಮ
ನನ್ನ ಪ್ರಶ್ನೆ ಸ್ವಲ್ಪ ಬೇರೆ. ಮಗಳು ಹುಟ್ಟಿದಾಗ ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ಪರೀಕ್ಷೆ ಮಾಡಿ "ಪಾಸ್" ಅಂದರು. ಆಮೇಲೆ ತಟ್ಟೆ ಬಿದ್ದರೂ ತಿರುಗಿ ನೋಡಲ್ಲ. ಕಿವಿಯ ನರದ ಅಲೆ ನೋಡೋ ಬೆರಾ ಪರೀಕ್ಷೆ ಮಾಡಿಸಿದರೆ ಎರಡೂ ಕಡೆ ಅಲೆಯೇ ಇಲ್ಲ. ಜೀನ್ ಪರೀಕ್ಷೆಯಲ್ಲಿ ಒಟೋಫ್ ಅನ್ನೋ ಜೀನಿನಲ್ಲಿ ದೋಷ ಅಂತ ಬಂದಿದೆ. ಒಳಕಿವಿಗೆ ಯಂತ್ರ ಕೂರಿಸೋ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿ ಅಂತಾರೆ. ನೆಟ್‌ನಲ್ಲಿ ನೋಡಿದರೆ ಇದಕ್ಕೆ ಜೀನ್ ಚಿಕಿತ್ಸೆ ಬಂದಿದೆ ಅಂತಿದೆ. ಅಲ್ಲೂ ಅರ್ಧ ಮಕ್ಕಳಿಗೆ ಪ್ಲಾಸಿಬೊ ಕೊಡ್ತಾರಾ? ನೆನೆಸಿಕೊಂಡರೇ ಹೊಟ್ಟೆ ತೊಳಸುತ್ತೆ.

ಬೂತಿನ ಹೊರಗಿಂದ
ಇಲ್ಲ ಅಮ್ಮ, ಕೊಡಲಿಲ್ಲ. ಯಾಕೆ ಬೇಕಾಗಲಿಲ್ಲ ಅಂತ ಹೇಳ್ತೀನಿ.

ಮೊದಲು ಆ "ಪಾಸ್" ಬಗ್ಗೆ. ಬಿರಡೆ ಇಟ್ಟು ಮಾಡೋ ಓಎಇ ಪರೀಕ್ಷೆ ಒಳಕಿವಿಯ ಹೊರಸಾಲಿನ ಹೇರ್ ಸೆಲ್‌ಗಳು ಜೀವಂತ ಇವೆಯಾ ಅಂತಷ್ಟೇ ನೋಡುತ್ತೆ. ನಿಮ್ಮ ಮಗಳಲ್ಲಿ ಅವು ಚೆನ್ನಾಗಿವೆ. ಒಳಸಾಲಿನ ಕೋಶ ಕೂಡ ಸದ್ದನ್ನ ಹಿಡಿಯುತ್ತೆ, ಆದರೆ ಅದನ್ನ ನರಕ್ಕೆ ದಾಟಿಸೋಕೆ ಒಟೋಫರ್ಲಿನ್ ಅನ್ನೋ ಪ್ರೋಟೀನ್ ಬೇಕು. ಆ ಪ್ರೋಟೀನ್ ತಯಾರಾಗ್ತಿಲ್ಲ. ಕೋಶದ ಆಚೆಗೆ ಸುದ್ದಿ ಹೋಗೋದೇ ಇಲ್ಲ. ನರದ ಅಲೆ ಹಿಡಿಯೋ ಬೆರಾದಲ್ಲಿ ಮಾತ್ರ ಇದು ಸಿಕ್ಕಿಬೀಳುತ್ತೆ. ನಿಮಗೆ ಪಾಸ್ ಅಂದವರ ಯಂತ್ರ ಕೆಟ್ಟಿರಲಿಲ್ಲ, ಅದು ನೋಡೋದೇ ಬೇರೆ ಜಾಗ.

ಆ ಪ್ರೋಟೀನ್ ಮಾಡಿಸೋ ಒಟೋಫ್ ಜೀನ್ ದೊಡ್ಡದು, ಅದನ್ನ ಹೊತ್ತೊಯ್ಯುವ ಎಎವಿ ವೈರಸ್ಸಿನಲ್ಲಿ ಹಿಡಿಸಲ್ಲ. ಅದಕ್ಕೆ ಎರಡು ತುಂಡು ಮಾಡಿ ಎರಡು ವೈರಸ್ಸಿನಲ್ಲಿ ತುಂಬಿ ಒಳಕಿವಿಗೆ ಬಿಡ್ತಾರೆ, ಕೋಶದೊಳಗೆ ತುಂಡುಗಳು ಸೇರಿ ಕೆಲಸ ಶುರು ಮಾಡಬೇಕು. ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಆರು ಮಕ್ಕಳಿಗೆ ಕೊಟ್ಟದ್ದರ ವರದಿ 2024ರ ಜನವರಿಯಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಐದು ಮಕ್ಕಳಿಗೆ ಕೇಳಿಸತೊಡಗಿತು. ಅವರ ಬೆರಾ ಮಿತಿ (ನರದ ಅಲೆ ಕಾಣಿಸೋ ಅತಿ ಸಣ್ಣ ಸದ್ದು) 26 ವಾರದಲ್ಲಿ ಸರಾಸರಿ 40ರಿಂದ 57 ಡೆಸಿಬಲ್‌ನಷ್ಟು ಸುಧಾರಿಸಿತ್ತು. ಈಗ ಮಂದ್ರ ಅವರ ಪ್ರಶ್ನೆಗೆ ಬನ್ನಿ. ಒಟೋಫ್ ಕಿವುಡು ಹುಟ್ಟಿನಿಂದ ಇರುವಂಥದ್ದು, ತಾನಾಗಿ ಸರಿಹೋಗಲ್ಲ. ಬೆರಾ ಅಳೆಯೋದು ನಿದ್ದೆ ಮಾಡ್ತಿರೋ ಮಗುವಿನ ತಲೆಗೆ ಅಂಟಿಸಿದ ಎಲೆಕ್ಟ್ರೋಡ್‌ನಿಂದ, ಅಲ್ಲಿ ಗುಂಡಿ ಒತ್ತೋ ಆಸೆಬುರುಕ ಬೆರಳಿಲ್ಲ. ಕಾಲ, ಆಸೆ, ಇಬ್ಬರಿಗೂ ಅಲ್ಲಿ ಜಾಗ ಇಲ್ಲದ್ದರಿಂದ ಆರೇ ಮಕ್ಕಳ ಫಲಿತಾಂಶವನ್ನೂ ಜಗತ್ತು ನಂಬಿತು.

ಪುಟ್ಟಿಯ ಅಮ್ಮ
ಹಾಗಾದರೆ ಕಾಯಲಾ?

ಇಎನ್‌ಟಿ ಪೀಜಿ
ಬರೀ ಆಸೆ ಇಟ್ಟುಕೊಂಡು ಕಾಯಬೇಡಿ ಅಕ್ಕ. ಮೊದಲ ವರ್ಷಗಳಲ್ಲಿ ಮೆದುಳಿಗೆ ಮಾತು ಬೀಳದಿದ್ದರೆ ಆಮೇಲೆ ಕಿವಿ ಬಂದರೂ ಮಾತು ಕಲಿಯೋದು ಬಹಳ ಕಷ್ಟ. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ಚಿಕಿತ್ಸೆ ಶುರು ಅಂತ ನಮಗೆ ಕಲಿಸೋದು ಅದಕ್ಕೇ. ಒಟೋಫ್ ಮಕ್ಕಳಿಗೆ ನರ ಚೆನ್ನಾಗಿರೋದರಿಂದ ಇಂಪ್ಲಾಂಟ್ ಒಳ್ಳೆ ಫಲ ಕೊಡುತ್ತೆ. ನಿಜವಾಗಿಯೂ ಜೀನ್ ಟ್ರಯಲ್ ಒಂದಕ್ಕೆ ಮಗಳು ಅರ್ಹಳಾ ಅಂತ ನಿಮ್ಮ ಸರ್ಜನ್ ಹತ್ತಿರ ಈಗಲೇ, ಇಂಪ್ಲಾಂಟ್ ತಾರೀಕು ಗೊತ್ತುಮಾಡೋ ಮೊದಲು, ಕೇಳಿ. ಒಂದು ಕಿವಿಗೆ ಮೊದಲು ಮಾಡೋದಾ, ಎರಡಕ್ಕೂ ಒಟ್ಟಿಗೆ ಮಾಡೋದಾ ಅನ್ನೋ ಮಾತೂ ಆಗಲೇ ಆಗಲಿ. ಇನ್ನೊಂದು, ಇದು ಒಂದು ಜೀನಿನ ಕಥೆ. ಹುಟ್ಟು ಕಿವುಡಿನ ಬಹುತೇಕ ಮಕ್ಕಳಿಗೆ ಇದು ಅನ್ವಯಿಸಲ್ಲ, ಓದುವ ಬೇರೆ ಅಪ್ಪ ಅಮ್ಮಂದಿರು ಗಮನಿಸಿ.

ಎದುರುವಾದಿ
ಹಿಯರಿಂಗ್ ಏಡ್ ಹಾಕಿದರೆ ಮರೆವಿನ ಕಾಯಿಲೆ ಬರಲ್ಲ ಅಂತಾರಲ್ಲ, ಅದೂ ಇದೇ ಥರ ಗಾಳಿಸುದ್ದಿನಾ?

ಲೆಕ್ಕದಯ್ಯ
ಗಾಳಿಸುದ್ದಿ ಅಲ್ಲ, ಆದರೆ ಅರ್ಧ ಸುದ್ದಿ. 2023ರ ಅಚೀವ್ ಟ್ರಯಲ್‌ನಲ್ಲಿ 70ರಿಂದ 84 ವಯಸ್ಸಿನ 977 ಜನರನ್ನ ಮೂರು ವರ್ಷ ನೋಡಿದರು. ಏಡ್ ಕೊಟ್ಟವರಿಗೂ ಕೊಡದವರಿಗೂ ಒಟ್ಟಾರೆ ವ್ಯತ್ಯಾಸ ಇಲ್ಲ. ಹೃದಯದ ಆರೋಗ್ಯದ ಹಳೆಯ ಅಧ್ಯಯನವೊಂದರಿಂದ ಬಂದ, ಮೊದಲೇ ಅಪಾಯ ಹೆಚ್ಚಿದ್ದ 238 ಜನರಲ್ಲಿ ಮಾತ್ರ ನೆನಪು, ಯೋಚನಾಶಕ್ತಿ ಕುಗ್ಗುವ ವೇಗ ಶೇ. 48 ಕಡಿಮೆ. ಪತ್ರಿಕೆಯಲ್ಲಿ ತಲೆಬರಹ ಆದದ್ದು ಆ 48 ಮಾತ್ರ. ಆ ಗುಂಪನ್ನ ಬೇರೆಯಾಗಿ ನೋಡ್ತೀವಿ ಅಂತ ಮೊದಲೇ ಬರೆದಿಟ್ಟಿದ್ದರು, ಹಾಗಾಗಿ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಕೇಳಿಸಿಕೊಳ್ಳೋಕೆ ಏಡ್ ಹಾಕಿ, ಉಳಿದದ್ದು ಬಂದರೆ ಲಾಭ.

ಹೊಸಬ
ತೋರಿಸಿದೆ. ನರದ್ದೇ ಅಂತೆ. ಸ್ಟೀರಾಯ್ಡ್ ಶುರು ಮಾಡಿದ್ದಾರೆ. ಎಂಆರ್‌ಐಗೂ ಬರೆದಿದ್ದಾರೆ, ಅದೇ ಭಯ.

ಇಎನ್‌ಟಿ ಪೀಜಿ
ಅದು ವಾಡಿಕೆ. ಕೆಲವೇ ಕೆಲವರಲ್ಲಿ ಕಿವಿಯ ನರದ ಮೇಲೆ ಸಣ್ಣ ಗಡ್ಡೆ ಇರುತ್ತೆ, ಅದೂ ಕ್ಯಾನ್ಸರ್ ಅಲ್ಲದ್ದು. ಅದಿಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಎಂಆರ್‌ಐ. ಆಡಿಯೋಗ್ರಾಮ್ ಮತ್ತೆ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾತ್ರೆಯಿಂದ ಕೇಳಿಸದಿದ್ದರೆ ಕಿವಿಯೊಳಗೇ ಇಂಜೆಕ್ಷನ್ ಕೊಡೋಕೆ ಎರಡರಿಂದ ಆರು ವಾರದವರೆಗೆ ಅವಕಾಶ ಇದೆ, ಅದನ್ನ ತಪ್ಪಿಸಿಕೊಳ್ಳಬೇಡಿ.

ಮಂದ್ರ
ಎಲ್ಲ ಓದಿದೆ. ಟ್ರಯಲ್‌ನವರ ಹತ್ತಿರ ಹೋಗಿ ಕೂತೆ. ಸೇರಿಸಿಕೊಳ್ಳೋ ಮೊದಲು ಪರೀಕ್ಷೆ ಒಂದೇ ಸಲಾನಾ ಅಂತ ಕೇಳಿದೆ. ಇಲ್ಲ, ಬೇರೆಬೇರೆ ದಿನ ಮಾಡಿ ಅಂಕ ಹೊಂದದಿದ್ದರೆ ಕೈಬಿಡ್ತೀವಿ ಅಂದರು. ಇದನ್ನ ಎಲ್ಲಿಂದ ತಿಳಿದಿರಿ ಅಂತ ಆ ಡಾಕ್ಟರಿಗೆ ಆಶ್ಚರ್ಯ. ಚುಚ್ಚೋದು ಒಂದೇ ಕಿವಿಗೆ. ತಮಟೆಯಲ್ಲಿ ತೂತು ಮುಚ್ಚದೆ ಉಳಿಯೋ ಸಾಧ್ಯತೆ, ಸ್ವಲ್ಪ ಹೊತ್ತು ತಲೆಸುತ್ತು, ನೋವು, ಇವೆಲ್ಲ ಒಪ್ಪಿಗೆ ಪತ್ರದಲ್ಲಿ ಬರೆದಿವೆ. ಯಾವಾಗ ಬೇಕಾದರೂ ಬಿಟ್ಟುಹೋಗಬಹುದಂತೆ, ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲವಂತೆ. ಮುಂದೆ ಔಷಧ ಗೆದ್ದರೆ ಪ್ಲಾಸಿಬೊ ಸಿಕ್ಕವರಿಗೆ ಕೊಡ್ತೀರಾ ಅಂದಿದ್ದಕ್ಕೆ ಮಾತ್ರ ನೇರ ಉತ್ತರ ಬರಲಿಲ್ಲ.

ಸೇರೋಣ ಅಂತಿದ್ದೀನಿ. ಎರಡು ಅನುಮಾನ. ಆ ಪದಗಳ ಪಟ್ಟಿ ಮನೆಯಲ್ಲಿ ಅಭ್ಯಾಸ ಮಾಡಬಹುದಾ? ಹಿಯರಿಂಗ್ ಏಡ್ ಬಿಚ್ಚಿಡಬೇಕಾ?

ಬೂತಿನ ಹೊರಗಿಂದ
ಅಭ್ಯಾಸ ಬೇಡವೇ ಬೇಡ, ಬಾಯಿಪಾಠದಿಂದ ಬಂದ ಅಂಕ ಕಿವಿಯದ್ದಲ್ಲ. ಏಡ್ ಯಾವಾಗಲೂ ಹಾಕಿಕೊಳ್ಳೋ ಹಾಗೇ ಹಾಕಿಕೊಳ್ಳಿ. ಟ್ರಯಲ್ ಮಧ್ಯೆ ಹೊಸ ಏಡ್ ತಗೊಳ್ಳೋದು, ಸೆಟ್ಟಿಂಗ್ ಬದಲಿಸೋದು ಇದ್ದರೆ ಅವರಿಗೆ ಹೇಳಿ ಮಾಡಿ. ಬೂತಿನಲ್ಲಿ ಕೇಳಿದ ಹಾಗನ್ನಿಸಿದರೆ ಒತ್ತಿ, ಮೊದಲ ದಿನವೂ ಹಾಗೇ, ಕೊನೆಯ ದಿನವೂ ಹಾಗೇ.

ಎದುರುವಾದಿ
ನೇರ ಉತ್ತರ ಬರಲಿಲ್ಲ ಅಂದಿರಲ್ಲ, ಅದನ್ನ ಬಿಡಬೇಡಿ. ಬರವಣಿಗೆಯಲ್ಲಿ ಕೇಳಿ.

ಲೆಕ್ಕದಯ್ಯ
ಇದು ನಾನೂ ಒಪ್ಪುವ ಮಾತು. ಒಪ್ಪಿಗೆ ಪತ್ರದಲ್ಲಿ ಟ್ರಯಲ್‌ನ ನೋಂದಣಿ ಸಂಖ್ಯೆ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಅದನ್ನ ನೋಂದಣಿ ತಾಣದಲ್ಲಿ ಹಾಕಿದರೆ ಮುಖ್ಯ ಅಳತೆ ಯಾವುದು ಅಂತ ಬರೆದಿರುತ್ತೆ: ಡೆಸಿಬಲ್ಲಾ, ಪದಗಳ ಅಂಕವಾ, ಗದ್ದಲದಲ್ಲಿ ಮಾತು ತಿಳಿಯೋದಾ. ಆ ಪುಟವನ್ನ ಇವತ್ತೇ ಇಳಿಸಿಟ್ಟುಕೊಳ್ಳಿ. ಫಲಿತಾಂಶ ಬಂದಾಗ ಮುಖ್ಯ ಅಳತೆ ಬದಲಾಗಿದ್ದರೆ ಇಲ್ಲೇ ತಂದು ಹಾಕಿ, ಒಟ್ಟಿಗೆ ಕೂತು ಓದೋಣ.